ಸದ್ದು ಎಲ್ಲಿಂದ ಎನ್ನುವ ಮೊದಲು, ಯಾವಾಗ ಎನ್ನಿ

ಬೆಂಗಳೂರಿನ ಬಾಗಲಗುಂಟೆಯ ಹೆಸರಘಟ್ಟ ರಸ್ತೆಯಲ್ಲಿ ಯಾವ ಗ್ಯಾರೇಜಿನ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ: "ಅಣ್ಣಾ, ಮುಂದ್ಗಡೆಯಿಂದ ಏನೋ ಟಕಟಕ ಅಂತಿದೆ, ಸ್ವಲ್ಪ ನೋಡಿ." ಅದಕ್ಕೆ ಬರುವ ಉತ್ತರದಲ್ಲೇ ಮೆಕ್ಯಾನಿಕ್ಕಿನ ಕಸುಬು ಗೊತ್ತಾಗುತ್ತದೆ. "ಆಕ್ಸಲ್ ಹೋಗಿದೆ ಸಾರ್, ಬಿಟ್ಟೋಗಿ, ಸಂಜೆ ಬನ್ನಿ" ಎನ್ನುವವನೊಬ್ಬ. "ಯಾವಾಗ ಸಾರ್? ತಿರುಗಿಸುವಾಗಲೋ, ನೇರ ಹೋಗುವಾಗಲೋ? ಕ್ಲಚ್ ತುಳಿದರೆ ನಿಲ್ಲುತ್ತಾ?" ಎನ್ನುವವನು ಇನ್ನೊಬ್ಬ. ಕಾರಿನ ಕೀಲಿಯನ್ನು ಎರಡನೆಯವನ ಕೈಗೆ ಕೊಡಿ.

ಈ ಭಾಗದಲ್ಲಿ ಹಳೆಯ ಗಾಡಿಗಳಿಗೆ ಇನ್ನೂ ದುಡಿಮೆ ತಪ್ಪಿಲ್ಲ. ಪೀಣ್ಯದ ಸಣ್ಣ ಶೆಡ್ಡುಗಳಿಂದ ಲೇತಿನ ಕೆಲಸ ಮುಗಿದ ಕಬ್ಬಿಣವನ್ನು ಹೊತ್ತು ಪ್ಲೇಟಿಂಗಿಗೋ ಹೀಟ್ ಟ್ರೀಟ್‌ಮೆಂಟಿಗೋ ಓಡುವ ಓಮ್ನಿ, 2014ರ ಜನವರಿಯಲ್ಲಿ ತಯಾರಿಕೆ ನಿಂತ ಮಾರುತಿ 800, ಬಿಡದಿಯಲ್ಲಿ ಹುಟ್ಟಿ 2005ರಲ್ಲಿ ಇನೊವಾಗೆ ಜಾಗ ಬಿಟ್ಟ ಕ್ವಾಲಿಸ್, ಎಲ್ಲವೂ ಎಂಟನೇ ಮೈಲಿಯ ಸಿಗ್ನಲ್ಲಿನಲ್ಲಿ ಒಟ್ಟಿಗೆ ನಿಂತಿರುತ್ತವೆ. ಓಮ್ನಿಯ ತಯಾರಿಕೆಯೂ 2019ರಲ್ಲೇ ಮುಗಿಯಿತು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ, ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. ಇಷ್ಟು ತೆತ್ತೂ ಕಾರು ಉಳಿಸಿಕೊಂಡವರು ಅದರ ಸದ್ದಿಗೆ ಹೆದರಿ ಇಡೀ ಗೇರ್ ಬಾಕ್ಸ್ ಇಳಿಸುವುದೂ ಬೇಡ, "ಹಳೇ ಗಾಡಿ, ಹಾಗೇ ಇರುತ್ತೆ ಬಿಡಿ" ಎಂದು ಸುಮ್ಮನಿರುವುದೂ ಬೇಡ.

ಕಬ್ಬಿಣದ ಮಾತು ಆಲಿಸುವುದು ಈ ಊರಿಗೆ ಹೊಸತಲ್ಲ. 1953ರಲ್ಲಿ ಜಾಲಹಳ್ಳಿಗೆ ಎಚ್‌ಎಂಟಿ ಬಂದ ಮೇಲೆ ಈ ಸುತ್ತಿನಲ್ಲಿ ಒಂದೆರಡು ತಲೆಮಾರು ಟರ್ನರುಗಳು, ಫಿಟ್ಟರುಗಳು ಬೆಳೆದರು. ಸ್ಪಿಂಡಲ್ ಬೇರಿಂಗಿನ ದನಿ ಒಂದಿಷ್ಟು ಒಡೆದರೂ ಅಳತೆ ತಪ್ಪುವ ಮೊದಲೇ ಯಂತ್ರ ನಿಲ್ಲಿಸುವುದು ಅವರಿಗೆ ಅಭ್ಯಾಸ. ಅಂಥ ಮನುಷ್ಯ ಕೂಡ ತನ್ನ ಕಾರಿನ ವಿಷಯಕ್ಕೆ ಬಂದಾಗ ಎಡವುವುದುಂಟು. ಕಾರಣ ಸರಳ. ಲೇತು ನಿಂತಲ್ಲೇ ನಿಂತಿರುತ್ತದೆ, ಕಾರು ಓಡುತ್ತದೆ. ಕಾರಿನ ತಗಡು, ಚೌಕಟ್ಟು, ಸೀಟಿನ ಕಂಬಿ ಎಲ್ಲವೂ ಸದ್ದನ್ನು ಸಾಗಿಸುತ್ತವೆ. ಹಿಂದಿನ ಎಡಚಕ್ರದಲ್ಲಿ ಹುಟ್ಟಿದ್ದು ಡ್ರೈವರನ ಪಕ್ಕದ ಬಾಗಿಲಲ್ಲಿ ಕೇಳಿಸಬಹುದು. ಆದ್ದರಿಂದ "ಎಲ್ಲಿಂದ" ಎಂಬ ಪ್ರಶ್ನೆಗೆ ಕಿವಿ ಕೊಡುವ ಉತ್ತರವನ್ನು ಪೂರ್ತಿ ನಂಬಬೇಡಿ. "ಯಾವಾಗ" ಎಂಬುದಕ್ಕೆ ಅದು ಕೊಡುವ ಉತ್ತರ ಸಾಮಾನ್ಯವಾಗಿ ಸರಿಯಿರುತ್ತದೆ.

ಯಾಕೆಂದರೆ ಕಾರಿನಲ್ಲಿ ತಿರುಗುವುದೆಲ್ಲ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಎಂಜಿನ್ನಿಗೆ ಒಂದು ಲೆಕ್ಕ, ಗೇರ್ ಬಾಕ್ಸಿನಿಂದ ಹೊರಬರುವ ಶಾಫ್ಟಿಗೆ ಇನ್ನೊಂದು, ಚಕ್ರಕ್ಕೆ ಮತ್ತೊಂದು. ಮಾರುತಿ 800ರ 145/70 ಆರ್12 ಟೈರಿನ ಸುತ್ತಳತೆ ಸುಮಾರು 1.6 ಮೀಟರ್. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ 16.7 ಮೀಟರ್, ಅಂದರೆ ಚಕ್ರ ಸೆಕೆಂಡಿಗೆ ಹತ್ತು ಚಿಲ್ಲರೆ ಸುತ್ತು. ಅದೇ ಹೊತ್ತಿಗೆ ಎಂಜಿನ್ 2,400 ಆರ್‌ಪಿಎಂನಲ್ಲಿದ್ದರೆ ಅದು ಸೆಕೆಂಡಿಗೆ 40 ಸುತ್ತು. ಹತ್ತರ ತಾಳದ್ದು ದಡದಡ ಎಂಬ ನಡುಕ, ನಲವತ್ತರದ್ದು ಗುಂಯ್ ಎಂಬ ಗುನುಗು. ತಪ್ಪಿತಸ್ಥ ಯಾವ ತಾಳಕ್ಕೆ ಕುಣಿಯುತ್ತಾನೆ ಎಂದು ಗೊತ್ತಾದರೆ ಮೂರರಲ್ಲಿ ಎರಡು ಪಾಲು ಶಂಕಿತರನ್ನು ಸ್ಪ್ಯಾನರ್ ಹಿಡಿಯದೆಯೇ ಬಿಟ್ಟು ಕಳಿಸಬಹುದು.

ಮೊದಲ ಪರೀಕ್ಷೆ ಮನೆಯ ಮುಂದೆಯೇ ಆಗುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ಚಾಲೂ ಮಾಡಿ ಆಕ್ಸಿಲರೇಟರ್ ಒತ್ತಿ. ನಿಂತಲ್ಲೇ ಸದ್ದು ಬಂದು, ಒತ್ತಿದಷ್ಟೂ ಏರಿದರೆ ಅದಕ್ಕೂ ಚಕ್ರಕ್ಕೂ ಸಂಬಂಧವಿಲ್ಲ. ಆಲ್ಟರ್ನೇಟರ್ ಬೇರಿಂಗ್, ವಾಟರ್ ಪಂಪ್, ಬೆಲ್ಟ್, ಸೈಲೆನ್ಸರಿನ ಮೇಲೆ ಸಡಿಲಾದ ಶಾಖದ ತಗಡು, ಇವೆಲ್ಲ ಈ ಗುಂಪಿನವು. ಈಗ ಕಾಲನ್ನು ಕ್ಲಚ್ಚಿನ ಮೇಲಿಂದ ಪೂರ್ತಿ ತೆಗೆದು ಕೇಳಿ, ಆಮೇಲೆ ಪೂರ್ತಿ ತುಳಿದು ಕೇಳಿ. ಕಾಲು ತೆಗೆದಾಗ ಗೊರಗೊರ ಎನ್ನುತ್ತಿದ್ದದ್ದು ತುಳಿದಾಗ ನಿಂತರೆ ಗೇರ್ ಬಾಕ್ಸಿನೊಳಗಿನ ಇನ್‌ಪುಟ್ ಶಾಫ್ಟಿನ ಬೇರಿಂಗ್ ಮೇಲೆ ಅನುಮಾನ. ಕ್ಲಚ್ ತುಳಿದಾಗ ಆ ಶಾಫ್ಟ್ ನಿಂತುಬಿಡುತ್ತದಲ್ಲ, ಅದಕ್ಕೆ. ತುಳಿದಾಗಲೇ ಶುರುವಾದರೆ ರಿಲೀಸ್ ಬೇರಿಂಗ್. ಮೊದಲನೆಯದಕ್ಕೆ ಗೇರ್ ಬಾಕ್ಸ್ ಬಿಚ್ಚಲೇಬೇಕು. ಎರಡನೆಯದಕ್ಕೆ ಗೇರ್ ಬಾಕ್ಸನ್ನು ಕೆಳಗಿಳಿಸಬೇಕು, ಬಿಚ್ಚಬೇಕಾಗಿಲ್ಲ. ಕೂಲಿಯಲ್ಲಿ ಈ ವ್ಯತ್ಯಾಸ ದೊಡ್ಡದು, ಆದ್ದರಿಂದ ತಿಳಿದುಕೊಂಡೇ ಹೋಗಿ. ಹೇಗೂ ಇಳಿಸಿದ ಮೇಲೆ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸುವುದು ಜಾಣತನ. ಗೊರಗುಂಟೆಪಾಳ್ಯದ ಜಂಗುಳಿಯಲ್ಲಿ ಕ್ಲಚ್ಚಿನ ಮೇಲೆ ಕಾಲಿಟ್ಟೇ ಕೂರುವವರಿಗೆ ಈ ಖರ್ಚು ಬೇಗ ಬರುತ್ತದೆ. ಸಿಗ್ನಲ್ ಬಿದ್ದಾಗ ನ್ಯೂಟ್ರಲ್‌ಗೆ ತಂದು ಕಾಲು ತೆಗೆಯಿರಿ, ಅಷ್ಟೇ.

ರಿವರ್ಸ್ ಗೇರಿನ ಕುಂಯ್ ಸದ್ದಿಗೆ ಹೆದರಬೇಡಿ. ಮುಂದಕ್ಕೆ ಓಡಿಸುವ ಗೇರುಗಳ ಹಲ್ಲು ಓರೆಯಾಗಿರುತ್ತದೆ, ಒಂದಕ್ಕೊಂದು ಜಾರುತ್ತ ಕೂಡಿಕೊಳ್ಳುತ್ತವೆ. ರಿವರ್ಸಿನ ಹಲ್ಲು ಸಾಮಾನ್ಯವಾಗಿ ನೇರ, ಹಾಗಾಗಿ ಅದು ಹೊಸ ಕಾರಿನಲ್ಲೂ ಕೂಗುತ್ತದೆ. ಎರಡನೇ ಗೇರಿಗೆ ಹಾಕುವಾಗ ಕರ್ರ್ ಎಂದರೆ ಸಿಂಕ್ರೊನೈಸರಿನ ಹಿತ್ತಾಳೆ ಉಂಗುರ ಸವೆದಿದೆ. ಇಲ್ಲಿ ಎಣ್ಣೆಯದೊಂದು ಕಿವಿಮಾತು. ಜಿಎಲ್-4 ಎಂದು ಕೈಪಿಡಿಯಲ್ಲಿ ಇರುವ ಗೇರ್ ಬಾಕ್ಸಿಗೆ "ಇನ್ನೂ ಒಳ್ಳೆಯದು" ಎಂದು ಜಿಎಲ್-5 ಸುರಿಯಬೇಡಿ. ಅದರಲ್ಲಿರುವ ಗಂಧಕದ ಅಂಶ ಹೆಚ್ಚು. ಕೆಲವು ಬಗೆಯ ಎಣ್ಣೆಗಳಲ್ಲಿ ಅದು ಹಿತ್ತಾಳೆಯನ್ನು ತಿನ್ನುತ್ತದೆ.

ಇನ್ನು ರಸ್ತೆಗೆ. ಭಾನುವಾರ ಬೆಳಗ್ಗೆ ತುಮಕೂರು ರಸ್ತೆ ಖಾಲಿ ಇರುವಾಗ, ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು, ಸ್ಟೀರಿಯೊ ಆರಿಸಿ ನಾಗಸಂದ್ರ ದಾಟಿ ಮಾದಾವರದ ಕಡೆಗೆ ಹೊರಡಿ. ಸದ್ದು ಬರುವ ವೇಗಕ್ಕೆ ತಂದು ಕ್ಲಚ್ ತುಳಿದು ಎಂಜಿನ್ನನ್ನು ಐಡಲ್‌ಗೆ ಬಿಡಿ. ಎಂಜಿನ್ ಆರಿಸಬೇಡಿ, ಬ್ರೇಕ್ ಗಟ್ಟಿಯಾಗುತ್ತದೆ, ಕೀಲಿ ತಿರುಗಿದರೆ ಸ್ಟೀರಿಂಗ್ ಲಾಕ್ ಬೀಳಬಹುದು. ಎಂಜಿನ್ ಇಳಿದರೂ ಸದ್ದು ಇಳಿಯದೆ ಕಾರಿನ ವೇಗದ ಜತೆಗೇ ನಿಧಾನ ಇಳಿದರೆ ಎಂಜಿನ್, ಕ್ಲಚ್ ಎರಡೂ ನಿರಪರಾಧಿಗಳು. ಉಳಿದವರು ಚಕ್ರದ ಬೇರಿಂಗ್, ಟೈರ್, ಆಕ್ಸಲ್, ಹಿಂಚಕ್ರ ಚಾಲನೆಯ ಗಾಡಿಯಾದರೆ ಪ್ರೊಪೆಲ್ಲರ್ ಶಾಫ್ಟ್ ಮತ್ತು ಕ್ರೌನ್.

ಚಕ್ರದ ಬೇರಿಂಗ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ. ಬೇರಿಂಗಿನ ಗುಂಡುಗಳು ಓಡುವ ಹಾದಿಯಲ್ಲಿ ಕೂದಲೆಳೆಯಷ್ಟು ಚಕ್ಕೆ ಎದ್ದರೆ ಸಾಕು, ಪ್ರತಿ ಗುಂಡೂ ಆ ಗುಳಿ ದಾಟುವಾಗ ಒಂದು ಪೆಟ್ಟು. ಸೆಕೆಂಡಿಗೆ ಹತ್ತಾರು ಪೆಟ್ಟು ಬೆರೆತು ರೊಂಯ್ ಎಂಬ ಒಂದೇ ದನಿಯಾಗುತ್ತದೆ. ಮೂವತ್ತರಲ್ಲಿ ಇಲ್ಲ ಎನ್ನುವಷ್ಟು, ಅರುವತ್ತರಲ್ಲಿ ಮಾತು ಕೇಳಿಸದಷ್ಟು. ಗೇರ್ ಬದಲಿಸಿದರೂ ಅದರ ಶ್ರುತಿ ಬದಲಾಗದು. ರಸ್ತೆ ಖಾಲಿಯಿದ್ದಾಗ ಸ್ಟೀರಿಂಗನ್ನು ಮೆಲ್ಲಗೆ ಬಲಕ್ಕೆ, ಮತ್ತೆ ಎಡಕ್ಕೆ ತೂಗಿ. ಬಲಕ್ಕೆ ತಿರುಗಿದಾಗ ಗಾಡಿಯ ಭಾರ ಎಡಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ರೊಂಯ್ ಜೋರಾದರೆ ಬಹುಮಟ್ಟಿಗೆ ಎಡಗಡೆಯ ಬೇರಿಂಗ್ ಕೆಟ್ಟಿದೆ. ಗ್ಯಾರೇಜಿಗೆ ಬಂದು ಜಾಕ್ ಹಾಕಿ, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತ ಇನ್ನೊಂದು ಕೈಯನ್ನು ಸಸ್ಪೆನ್ಷನ್ನಿನ ಕಾಯಿಲ್ ಸ್ಪ್ರಿಂಗ್ ಮೇಲಿಡಿ. ಕಿವಿಗೆ ಕೇಳದ ಒರಟುತನ ಸ್ಪ್ರಿಂಗಿನಲ್ಲಿ ಜುಮ್ ಎಂದು ಬೆರಳಿಗೆ ಹತ್ತುತ್ತದೆ. ಆಮೇಲೆ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಪ್ಲೇ ಇದ್ದರೆ ಒಳಗೆ ಕೂತವರಿಗೆ ಬ್ರೇಕ್ ಒತ್ತಲು ಹೇಳಿ. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ಬೇರಿಂಗ್. ಆಗಲೂ ಉಳಿದರೆ ಬಾಲ್ ಜಾಯಿಂಟೋ ಬುಷ್ಷೋ ಸಡಿಲವಾಗಿದೆ.

ಬೇರಿಂಗ್ ಯಾಕೆ ಹೋಗುತ್ತದೆ? ಬೆಂಗಳೂರಿನಲ್ಲಿ ಅರ್ಧ ಉತ್ತರ ನೀರು. ಬಹಳ ದೂರ ಓಡಿ ಬಿಸಿಯಾದ ಹಬ್ ಅಂಡರ್‌ಪಾಸಿನ ಮಳೆನೀರಿಗೆ ಇಳಿದಾಗ ಒಳಗಿನ ಗಾಳಿ ತಣಿದು ಕುಗ್ಗುತ್ತದೆ, ಸವೆದ ಸೀಲಿನ ಸಂದಿಯಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಗ್ರೀಸ್ ಕೆಟ್ಟ ಬೇರಿಂಗ್ ಕೆಲವು ತಿಂಗಳ ಮೇಲೆ ಕೂಗಲು ಶುರುಮಾಡುವಾಗ ಆ ಮಳೆಯನ್ನು ಯಾರೂ ನೆನೆಯುವುದಿಲ್ಲ. ಉಳಿದರ್ಧ ಉತ್ತರ ಭಾರ. ಬಾಲ್ ಬೇರಿಂಗಿನ ಆಯುಷ್ಯ ಭಾರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ ಎಂಬುದು ಎಂಜಿನಿಯರುಗಳ ಸೂತ್ರ. ಭಾರ ಎರಡು ಪಟ್ಟಾದರೆ ಆಯುಷ್ಯ ಎಂಟರಲ್ಲಿ ಒಂದು ಪಾಲು. 796 ಸಿಸಿ ಎಂಜಿನ್ನಿನ ಓಮ್ನಿಯಲ್ಲಿ ಕಾಸ್ಟಿಂಗ್ ತುಂಬಿ "ಒಂದೇ ಟ್ರಿಪ್ ಅಲ್ವಾ" ಎನ್ನುವ ಶೆಡ್ ಮಾಲೀಕರು, ದಿನವೂ ಇದೇ ಲೆಕ್ಕದ ಮೇಲೆ ಯಂತ್ರಗಳಿಗೆ ಬೇರಿಂಗ್ ಆರಿಸುವವರೇ, ಈ ಸೂತ್ರವನ್ನು ಗೇಟಿನೊಳಗೆ ಬಿಟ್ಟು ಬರುತ್ತಾರೆ.

ಬೇರಿಂಗಿನ ವೇಷ ಹಾಕಿ ಬರುವ ಮೋಸಗಾರ ಟೈರ್. ವೀಲ್ ಅಲೈನ್‌ಮೆಂಟ್ ತಪ್ಪಿ, ಶಾಕ್ ಅಬ್ಸಾರ್ಬರ್ ಸತ್ತು ಏರುತಗ್ಗಾಗಿ ಸವೆದ ಟೈರ್ ಥೇಟ್ ಬೇರಿಂಗಿನಂತೆಯೇ ಗುಂಯ್‌ಗುಟ್ಟುತ್ತದೆ. ಇವೆರಡನ್ನು ಬಿಡಿಸಲು ಬೆಂಗಳೂರು ಕಳೆದ ಕೆಲವು ವರ್ಷಗಳಲ್ಲಿ ತಿಳಿಯದೆಯೇ ಒಂದು ಉಪಕಾರ ಮಾಡಿದೆ. ವೈಟ್ ಟಾಪಿಂಗ್ ಮಾಡಿದ ಕಾಂಕ್ರೀಟ್ ರಸ್ತೆಯಿಂದ ಡಾಂಬರು ರಸ್ತೆಗೆ ಅದೇ ವೇಗದಲ್ಲಿ ದಾಟಿ ನೋಡಿ. ನೆಲ ಬದಲಾದ ಕ್ಷಣ ದನಿ ಬದಲಾದರೆ ಟೈರ್. ನೆಲ ಏನೇ ಆದರೂ ಹಾಗೇ ಕೂಗಿದರೆ ಬೇರಿಂಗ್. ಟೈರಿನ ಮೈಮೇಲೆ ಅಂಗೈ ಸವರಿದರೂ ಏರುತಗ್ಗು ತಿಳಿಯುತ್ತದೆ. ಬೇರಿಂಗ್ ಬದಲಿಸಿ ದುಡ್ಡು ಕೊಟ್ಟು, ಅದೇ ಸದ್ದಿನೊಂದಿಗೆ ಮನೆಗೆ ಬಂದವರಲ್ಲಿ ಬಹಳಷ್ಟು ಮಂದಿ ಈ ಎರಡು ನಿಮಿಷದ ಪರೀಕ್ಷೆ ಮಾಡದವರು.

ಈಗ ಆ ಟಕಟಕದ ವಿಚಾರ. ಮುಂಚಕ್ರ ಚಾಲನೆಯ ಕಾರಿನಲ್ಲಿ ಒಂದೇ ಚಕ್ರ ಎರಡು ಕೆಲಸ ಮಾಡಬೇಕು: ಎಂಜಿನ್ನಿನ ಬಲ ಪಡೆದು ತಿರುಗಬೇಕು, ಸ್ಟೀರಿಂಗ್ ಹೇಳಿದತ್ತ ಹೊರಳಬೇಕು. ಹೊರಳಿದ ಸ್ಥಿತಿಯಲ್ಲೂ ಒಂದೇ ವೇಗದಲ್ಲಿ ಬಲ ದಾಟಿಸುವ ಆರು ಗುಂಡುಗಳ ಕೀಲನ್ನು ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್ಫ್ರೆಡ್ ರ್‍ಜೆಪ್ಪಾ 1926ರಲ್ಲಿ ರೂಪಿಸಿದ. 1959ರಲ್ಲಿ ಬ್ರಿಟನ್ನಿನ ಮಿನಿ ಕಾರು ಅದನ್ನು ಜನಸಾಮಾನ್ಯರ ಗಾಡಿಗೆ ತಂದಿತು. ಮಾರುತಿ 800ರ ಮುಂದಿನ ಆಕ್ಸಲ್ ತುದಿಯಲ್ಲಿರುವುದೂ ಇದೇ ಕುಲದ ಕೀಲು. ಅದನ್ನು ಮುಚ್ಚಿರುವ ರಬ್ಬರ್ ಬೂಟ್ ಹರಿದರೆ ಗ್ರೀಸ್ ಚಿಮ್ಮಿ ಹೋಗುತ್ತದೆ, ಮಣ್ಣು ಒಳಗೆ ಬರುತ್ತದೆ. ಗುಂಡುಗಳ ಹಾದಿ ಸವೆದ ಮೇಲೆ, ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ಟಕ್ ಟಕ್ ಟಕ್. ಖಾಲಿ ಸೈಟಿನಲ್ಲಿ ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕಿ, ಆಮೇಲೆ ರಿವರ್ಸಿನಲ್ಲೂ ಹಾಕಿ, ಅಡಗಿದ್ದರೂ ಬಾಯಿಬಿಡುತ್ತದೆ. ಒಂದೇ ವೇಗದಲ್ಲಿ ಹೋಗುವಾಗ ಇಲ್ಲದೆ, ಗಟ್ಟಿಯಾಗಿ ಎಳೆಯುವಾಗ ಮಾತ್ರ ಇಡೀ ಗಾಡಿ ನಡುಗಿದರೆ ಗೇರ್ ಬಾಕ್ಸಿನ ಕಡೆಯ ಒಳಗಿನ ಕೀಲನ್ನು ನೋಡಿ. ಕ್ಲಚ್ ಬಿಡುವ ಕ್ಷಣಕ್ಕೆ ಧಡ್ ಎಂದು ಒಂದೇ ಪೆಟ್ಟಾದರೆ ಎಂಜಿನ್ ಮೌಂಟಿನ ರಬ್ಬರ್ ಸತ್ತಿರಬಹುದು. ಮೂರು ಸಿಲಿಂಡರಿನ ಎಂಜಿನ್ ಸ್ವಭಾವತಃ ಕುಣಿಯುವಂಥದ್ದು, ಅದರ ಮೌಂಟಿಗೆ ದುಡಿಮೆ ಜಾಸ್ತಿ. ಹಂಪಿನ ಮೇಲೆ ಮಾತ್ರ ಗಡಗಡ ಎಂದರೆ ಅದು ಸಸ್ಪೆನ್ಷನ್ ಕತೆ, ಆಕ್ಸಲ್ಲಿನದಲ್ಲ. ಬಾಗಲಗುಂಟೆಯ ಒಳರಸ್ತೆಗಳಲ್ಲಿ ಹಂಪಿಗೇನೂ ಬರವಿಲ್ಲ, ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ.

ಬೂಟ್ ಹರಿದದ್ದು ಸದ್ದು ಬರುವ ಮೊದಲೇ ಕಾಣುತ್ತದೆ. ಚಕ್ರದ ಒಳಬದಿಯ ರಿಮ್ಮಿನ ಮೇಲೆ ಕಪ್ಪು ಗ್ರೀಸ್ ಸಿಡಿದಿದ್ದರೆ ಅಂದೇ ಬೂಟ್ ಹಾಕಿಸಿ. ಕೆಲವು ನೂರು ರೂಪಾಯಿಯ ರಬ್ಬರು ಕೆಲವು ಸಾವಿರದ ಕೀಲನ್ನು ಉಳಿಸುತ್ತದೆ. ಟಕಟಕ ಶುರುವಾದ ಮೇಲೆ ಹೊಸ ಗ್ರೀಸ್ ತುಂಬುವುದು ವ್ಯರ್ಥ, ಸವೆದ ಉಕ್ಕು ಮರಳಿ ಬೆಳೆಯುವುದಿಲ್ಲ.

ಓಮ್ನಿ, ಕ್ವಾಲಿಸ್ ಇರುವವರ ಲೋಕ ಬೇರೆ. ಅಲ್ಲಿ ಬಲ ಉದ್ದದ ಪ್ರೊಪೆಲ್ಲರ್ ಶಾಫ್ಟ್ ಹಿಡಿದು ಹಿಂದಕ್ಕೆ ಹೋಗುತ್ತದೆ. ಅದರ ತುದಿಯ ಯುಜೆ ಕ್ರಾಸ್ ಒಣಗಿದಾಗ ನಿಧಾನದಲ್ಲಿ ಚಿಂವ್ ಚಿಂವ್ ಎನ್ನುತ್ತದೆ, ಸವೆದಾಗ ಗೇರ್ ಹಿಡಿಯುವ ಕ್ಷಣಕ್ಕೆ ಟಣ್ ಎನ್ನುತ್ತದೆ. ಯಶವಂತಪುರದ ಎಪಿಎಂಸಿಗೆ ಬರುವ ಲಾರಿ ಚಾಲಕರು ಈ ಟಣ್ ಕೇಳಿದ ದಿನವೇ ಕೆಳಗೆ ನುಸುಳುತ್ತಾರೆ. ಕ್ರಾಸ್ ಕಡಿದು ಶಾಫ್ಟ್ ರಸ್ತೆಗೆ ಬಿದ್ದರೆ ಏನಾಗುತ್ತದೆಂದು ಅವರಿಗೆ ಗೊತ್ತು. ಶಾಫ್ಟ್ ಬಿಚ್ಚುವ ಮುನ್ನ ಎರಡೂ ಫ್ಲಾಂಜಿಗೆ ಸೇರುವಂತೆ ಬಣ್ಣದ ಗುರುತು ಹಾಕಬೇಕು. ಕ್ರಾಸ್ ಬಾಗಿ ತಿರುಗುವಾಗ ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿಳಿಯುತ್ತದೆ. ಮುಂದಿನ ಕ್ರಾಸಿನ ಏರಿಳಿತವನ್ನು ಹಿಂದಿನದು ಅಳಿಸುವಂತೆ ಅವೆರಡನ್ನೂ ಹೊಂದಿಸಿರುತ್ತಾರೆ. ಜಾರುವ ಸ್ಪ್ಲೈನಿನಲ್ಲಿ ಒಂದು ಹಲ್ಲು ತಪ್ಪಿ ಕೂಡಿಸಿದರೂ ಹೊಸ ಕ್ರಾಸ್ ಹಾಕಿಸಿಕೊಂಡ ಗಾಡಿ ಮೊದಲಿಗಿಂತ ಹೆಚ್ಚು ನಡುಗುತ್ತದೆ. "ಕ್ರಾಸ್ ಹಾಕಿಸಿದ ಮೇಲೇ ಶುರುವಾಯ್ತು" ಎಂಬ ದೂರಿನ ಬೇರು ಅನೇಕ ಸಲ ಇದು.

ಶಾಫ್ಟ್ ಹೋಗಿ ಸೇರುವುದು ಹಿಂದಿನ ಹೌಸಿಂಗಿಗೆ. ಒಳಗೆ ಕ್ರೌನ್ ಮತ್ತು ಪಿನಿಯನ್, ಅದರ ನಡುವೆ ಡಿಫರೆನ್ಷಿಯಲ್. ಕಣದ ಮೇಟಿಗೆ ಕಟ್ಟಿದ ಎತ್ತುಗಳಲ್ಲಿ ಹೊರಗಿನದು ಹೆಚ್ಚು ನಡೆಯಬೇಕು, ಒಳಗಿನದು ಕಡಿಮೆ; ತಿರುವಿನಲ್ಲಿ ಹಿಂದಿನ ಎರಡು ಚಕ್ರಗಳಿಗೂ ಅದೇ ಸ್ವಾತಂತ್ರ್ಯ ಕೊಡುವುದು ಡಿಫರೆನ್ಷಿಯಲ್ಲಿನ ಕೆಲಸ. ಆದ್ದರಿಂದ ತಿರುವಿನಲ್ಲಿ ಮಾತ್ರ ಒಳಗಿಂದ ಕಟಕಟ ಎಂದರೆ ಅದರ ಸಣ್ಣ ಗೇರುಗಳು. ನೇರ ರಸ್ತೆಯಲ್ಲಿ ಕೊಳಲಿನಂಥ ಸಣ್ಣ ಕೂಗು ಬಂದರೆ ಕ್ರೌನ್ ಪಿನಿಯನ್. ಎಳೆಯುವಾಗ ಹಲ್ಲಿನ ಒಂದು ಮುಖ, ಆಕ್ಸಿಲರೇಟರ್ ಬಿಟ್ಟು ಗಾಡಿ ತಾನೇ ಉರುಳುವಾಗ ಇನ್ನೊಂದು ಮುಖ ಒತ್ತಿಕೊಳ್ಳುತ್ತದೆ. ಎಳೆಯುವಾಗ ಕೂಗಿ, ಬಿಟ್ಟಾಗ ನಿಂತರೆ, ಅಥವಾ ಇದಕ್ಕೆ ತಿರುಗಾಮುರುಗಾ ಆದರೆ, ಯಾವ ಮುಖ ಸವೆದಿದೆ ಎಂದು ಗೊತ್ತಾಯಿತು. ಎಳೆದರೂ ಬಿಟ್ಟರೂ ಒರಟಾದ ಗೊರಗೊರ ಇದ್ದರೆ ಒಳಗಿನ ಬೇರಿಂಗ್. ಇನ್ನೊಂದು ಉಪಾಯವುಂಟು. ಹಿಂಚಕ್ರ ಚಾಲನೆಯ ಹಳೆಯ ಗೇರ್ ಬಾಕ್ಸುಗಳಲ್ಲಿ ಬಹುತೇಕ ನಾಲ್ಕನೇ ಗೇರು ನೇರ ಜೋಡಣೆ, ಬಲ ಪಕ್ಕದ ಶಾಫ್ಟಿಗೆ ಹೋಗದೆ ಸೀದಾ ದಾಟುತ್ತದೆ. ಮೂರರಲ್ಲಿ ಗೊರಗೊರ ಎಂದದ್ದು ನಾಲ್ಕರಲ್ಲಿ ತಣ್ಣಗಾದರೆ ರೋಗ ಗೇರ್ ಬಾಕ್ಸಿನಲ್ಲಿದೆ. ಮೂರು ನಾಲ್ಕು ಎರಡರಲ್ಲೂ ಒಂದೇ ವೇಗಕ್ಕೆ ಒಂದೇ ಕೂಗು ಬಂದರೆ ಹೌಸಿಂಗಿನಲ್ಲಿ. ಮಾರುತಿ 800ಕ್ಕೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಎಲ್ಲ ಗೇರೂ ಒಂದು ಜೋಡಿಯ ಮೂಲಕವೇ ಹಾಯಬೇಕು.

ಕ್ರೌನ್ ಪಿನಿಯನ್ನುಗಳನ್ನು ಒಂದಕ್ಕೊಂದು ತೇದು ಜೋಡಿಯಾಗಿಯೇ ತಯಾರಿಸುತ್ತಾರೆ. ಒಂದು ಹೋದರೆ ಎರಡನ್ನೂ ಬದಲಿಸಬೇಕು. ಹಲ್ಲುಗಳ ನಡುವಿನ ಸಡಿಲ ಮಿಲಿಮೀಟರಿನ ಹತ್ತನೆಯ ಒಂದೆರಡು ಪಾಲು ಮಾತ್ರ. ಅದನ್ನು ಡಯಲ್ ಗೇಜಿನಲ್ಲಿ ಅಳೆದು, ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಒತ್ತು ಎಲ್ಲಿ ಬೀಳುತ್ತದೆಂದು ನೋಡಿ ಶಿಮ್ ಹಾಕಿ ಕೂಡಿಸಬೇಕು. ಕಿವಿಯಳತೆಯಲ್ಲಿ ಬೋಲ್ಟ್ ಬಿಗಿಯುವವರ ಕೈಗೆ ಈ ಕೆಲಸ ಕೊಡಬೇಡಿ. ಗ್ಯಾರೇಜಿನಲ್ಲಿ ಡಯಲ್ ಗೇಜ್ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಪೀಣ್ಯದ ಪಕ್ಕದಲ್ಲಿ ಕೂತು ಅದಿಲ್ಲ ಎನ್ನುವವರಿಗೆ ನೆಪವೂ ಇಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಎಚ್ಚರ. ಕೂಗುವ ಗೇರ್ ಬಾಕ್ಸಿಗೆ, ಹೌಸಿಂಗಿಗೆ ಮರದ ಹೊಟ್ಟು ಬೆರೆಸಿ, ಇಲ್ಲವೇ ಅಂಟಂಟಾದ ಮಂದ ಎಣ್ಣೆ ಸುರಿದು ಬಾಯಿ ಮುಚ್ಚಿಸುವ ಚಾಳಿ ಜಗತ್ತಿನಲ್ಲೆಲ್ಲ ಹಳೆಯದು. ಕೊಳ್ಳುವ ಮುನ್ನ ಡ್ರೈನ್ ಬೋಲ್ಟ್ ಬಿಚ್ಚಿಸಿ ಎಣ್ಣೆ ನೋಡಿ. ಅಯಸ್ಕಾಂತವಿರುವ ಬೋಲ್ಟಾದರೆ ಅದರ ಮೇಲೆ ಬೂದು ಬಣ್ಣದ ನಯವಾದ ಕೆಸರು ಇರುವುದು ಸಹಜ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಬೆಲೆ ಇಳಿಸಿ, ಅಥವಾ ಬಿಟ್ಟು ಬನ್ನಿ.

ಎಲ್ಲ ಸದ್ದಿಗೂ ಒಂದೇ ಅವಸರವಿಲ್ಲ. ಸಣ್ಣಗೆ ಕೂಗುವ ಕ್ರೌನ್ ಸರಿಯಾದ ಎಣ್ಣೆ ಇದ್ದರೆ ವರ್ಷಗಟ್ಟಲೆ ಕೂಗಿಕೊಂಡೇ ಓಡುತ್ತದೆ, ಸದ್ದು ಬೆಳೆಯದಿದ್ದರೆ ಅದರ ತಂಟೆಗೆ ಹೋಗಬೇಡಿ. ರಿಲೀಸ್ ಬೇರಿಂಗ್ ಕೆಲವು ವಾರ ಕಾಯಬಹುದು. ಪ್ಲೇ ಬಂದ ಚಕ್ರದ ಬೇರಿಂಗ್, ಟಣ್ ಎನ್ನುವ ಕ್ರಾಸ್, ನೇರ ರಸ್ತೆಯಲ್ಲೂ ಟಕಟಕ ಎನ್ನತೊಡಗಿದ ಆಕ್ಸಲ್, ಈ ಮೂರು ಇರುವ ಗಾಡಿಯನ್ನು ಹೈವೇಗೆ ಒಯ್ಯಬೇಡಿ.

ದುರಸ್ತಿ ಮುಗಿದ ಮೇಲೆ ಬಿಚ್ಚಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ದುಡ್ಡು ಕೊಟ್ಟವರಿಗೆ ಅದು ಸೇರಬೇಕಾದ್ದೇ. ಬೇರಿಂಗಾದರೆ ಬೆರಳಿಟ್ಟು ನಿಧಾನಕ್ಕೆ ತಿರುಗಿಸಿ. ಬಿಚ್ಚುವಾಗ ಬಿದ್ದ ಸುತ್ತಿಗೆ ಪೆಟ್ಟಿನಿಂದಲೂ ಅದು ಒರಟಾಗಿರಬಹುದು, ಹಾಗಾಗಿ ಒರಟು ಇದ್ದ ಮಾತ್ರಕ್ಕೆ ರೋಗ ಸಿಕ್ಕಿತು ಎನ್ನಲಾಗದು. ಆದರೆ ಬೆಣ್ಣೆಯಂತೆ ತಿರುಗಿದರೆ ಸದ್ದು ಇನ್ನೂ ಕಾರಿನಲ್ಲೇ ಇದೆ. ಗ್ಯಾರೇಜಿನಿಂದ ಹೊರಡುವ ಮೊದಲೇ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಂದು ಸುತ್ತು ಹೋಗಿ ಬನ್ನಿ.